ಹಿರಿಯಳಿಯನ ಇಪ್ಪತ್ತೈದರ ಲೆಕ್ಕ

ಈ ಭೂಮಂಡಲದಲ್ಲಿ ಯಾರಿಗೆ ಬೇಕಾದರೂ ಸೋಲುತ್ತೇನೆ, ಗೋವರ್ಧನನಿಗೆ ಮಾತ್ರ ಸೋಲುವುದಿಲ್ಲ! ಹೀಗೆಂದು ಕಳೆದ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ, ಬಾವಿಕಟ್ಟೆಯ ಪಕ್ಕ ಹಲ್ಲುಜ್ಜುತ್ತಾ ನಿಂತು ಭೀಷಣ ಪ್ರತಿಜ್ಞೆ ಮಾಡಿದೆ. ಬಾಯಿ ತುಂಬ ಪೇಸ್ಟಿನ ನೊರೆ ಇದ್ದದ್ದರಿಂದ ಪ್ರತಿಜ್ಞೆ ಗೊರಗೊರ ಎಂದು ಹೊರಬಂತು.

"ಎಂತ ಮಾರ್ರೆ, ಬಾಯಿ ಉರಿತಾ?" ಎಂದು ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ ರಾಜೀವಿ ಕೇಳಿದಳು.

ಉರಿಯುತ್ತಿದ್ದದ್ದು ಬಾಯಿಯಲ್ಲ, ಹೊಟ್ಟೆ. ಹೌದು, ಹೊಟ್ಟೆಕಿಚ್ಚು! ಅದಕ್ಕೆ ಸ್ವಾಭಿಮಾನ, ತತ್ವನಿಷ್ಠೆ ಎಂದೆಲ್ಲ ಮರ್ಯಾದೆಯ ಹೆಸರಿಡುವ ಕಾಲ ಮುಗಿಯಿತು. ಆಗಬಾರದ್ದೆಲ್ಲ ಆದ ಮೇಲೆ ನಿಮ್ಮ ಮುಂದೆ ಬಚ್ಚಿಡುವುದು ಏನುಂಟು?

ಗೋವರ್ಧನ ಎಂದರೆ ರಾಜೀವಿಯ ತಂಗಿ ಜಲಜಳ ಗಂಡ, ಅರ್ಥಾತ್ ನನ್ನ ಷಡ್ಡಕ. ನಾನು ಬ್ರಹ್ಮಾವರದಲ್ಲಿ ಹೈಸ್ಕೂಲಿನ ಲೆಕ್ಕದ ಮಾಷ್ಟ್ರು. ಅವನು ಮುಂಬೈಯಲ್ಲಿ ಹೋಟೆಲು ಮಾಡಿ ಗೆದ್ದು ಬಂದವನು. ಈಗ ಕುಂದಾಪುರದಲ್ಲಿ ಒಂದು ಹೋಟೆಲು, ಬೈಂದೂರಿನಲ್ಲಿ ಇನ್ನೊಂದು. ಆಳೆತ್ತರ, ಅಗಲ ಎದೆ. ತಲೆಗೂದಲು ಕೂಡ ಅವನನ್ನು ಬಿಟ್ಟು ಹೋಗಿಲ್ಲ. ನನ್ನದು ಯಾವಾಗಲೋ ವರ್ಗ ಮಾಡಿಸಿಕೊಂಡು ಹೋಗಿದೆ. ಇಷ್ಟೆಲ್ಲ ಇದ್ದವನು ಒಂಚೂರು ಜಂಬದವನಾದರೂ ಆಗಿದ್ದರೆ ಕೂತು ಬಯ್ದು ಹಗುರಾಗಬಹುದಿತ್ತು. ಆ ಪುಣ್ಯವೂ ನನಗಿಲ್ಲ! ಮನುಷ್ಯ ಅಪ್ಪಟ ಒಳ್ಳೆಯವ. ಕಂಡಲ್ಲೆಲ್ಲ "ಅಣ್ಣಯ್ಯ, ಅಣ್ಣಯ್ಯ" ಎಂದು ನಗುತ್ತಾನೆ. ಆ ನಗುವನ್ನು ಕಂಡರೆ ನನಗೆ ಹೊಟ್ಟೆಯೊಳಗೆ ಮೆಣಸಿನಪುಡಿ ಕಲಸಿದ ಹಾಗಾಗುತ್ತದೆ.

ಅವನ ಹತ್ತಿರ ಇಲ್ಲದ್ದು, ನನ್ನ ಹತ್ತಿರ ಇರುವುದು ಒಂದೇ ಒಂದು: ಹಿರಿತನ. ಕಿರಿಮಂಜೇಶ್ವರದಲ್ಲಿರುವ ಅತ್ತೆಯ ಮನೆಗೆ ನಾನು ದೊಡ್ಡ ಅಳಿಯ, ಅವನು ಸಣ್ಣ ಅಳಿಯ. ನನ್ನ ಮದುವೆ ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳಲ್ಲಿ, ಅವನದು ಮರುವರ್ಷ ಫೆಬ್ರವರಿಯಲ್ಲಿ. ಒಂಬತ್ತೇ ತಿಂಗಳ ಅಂತರ, ನಿಜ. ಆದರೆ ಆ ಒಂಬತ್ತು ತಿಂಗಳೇ ನನ್ನ ಸ್ಥಿರಾಸ್ತಿ! ಆ ಮನೆಯಲ್ಲಿ ನಾನು ಕೈ ತೊಳೆಯದೆ ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಫೋಟೋದಲ್ಲಿ ಅತ್ತೆಯ ಬಲಕ್ಕೆ ನಾನೇ. ಕೋಳಿ ಸುಕ್ಕ ಮಾಡಿದ ದಿನ ಮೊದಲ ಕಾಲು ಬೀಳುವುದು ನನ್ನ ಎಲೆಗೆ. ಕೋಳಿಗೆ ಎರಡು ಕಾಲಿದೆ, ಇನ್ನೊಂದು ಅವನಿಗೇ ಹೋಗುತ್ತದೆ, ರುಚಿಯೂ ಅದೇ ಎಂದು ನೀವು ಹೇಳಬಹುದು. ಆದರೆ ಮೊದಲ ಕಾಲು ಮೊದಲ ಕಾಲೇ ಸ್ವಾಮಿ!

ಇಂಥ ಆಸ್ತಿಗೇ ಆ ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಕನ್ನ ಬಿತ್ತು.

"ಅಣ್ಣಯ್ಯ, ಬಪ್ಪ ಫೆಬ್ರವರಿಗೆ ನಮ್ಮ ಮದಿ ಆಯಿ ಇಪ್ಪತ್ತೈದ್. ಹೋಟ್ಲ್ ಮೇಲಿನ ಹಾಲಂಗೇ ಒಂದ್ ಸಣ್ಣ ಗೌಜಿ ಮಾಡುವ ಅಂದೇಳಿ. ನೀವೇ ಮುಂದ್ ನಿಂತ್ ಎಲ್ಲ ಮಾಡ್ಕ್ ಕಾಣಿ!" ಎಂದ ಗೋವರ್ಧನ. ಮದುವೆಗೆ ಇಪ್ಪತ್ತೈದಂತೆ, ಅದಕ್ಕೆ ಸಂಭ್ರಮವಂತೆ!

ಲೆಕ್ಕದ ಮಾಷ್ಟ್ರಿಗೆ ಇದು ತಿಳಿಯದೇ? ಎರಡು ಸಾವಿರದ ಎರಡರಿಂದ ಎರಡು ಸಾವಿರದ ಇಪ್ಪತ್ತಾರಕ್ಕೆ ಇಪ್ಪತ್ನಾಲ್ಕು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದರೆ ಇದೇ. ನನ್ನ ಇಪ್ಪತ್ತೈದು ತುಂಬುವುದು ಮೇ ತಿಂಗಳಲ್ಲಿ. ಫೆಬ್ರವರಿಯಲ್ಲೇ ಇವನು ಬೆಳ್ಳಿಹಬ್ಬ ಮಾಡಿಬಿಟ್ಟರೆ ಊರವರು ಯಾರನ್ನು ಹಿರಿಯಳಿಯ ಎಂದುಕೊಂಡಾರು? ಮೂರು ತಿಂಗಳು ಬಿಟ್ಟು ನಾನು ಮಾಡಿದರೆ ಅದು ಬೆಳ್ಳಿಹಬ್ಬವಲ್ಲ, ತಂಗಳು ಹಬ್ಬ!

"ರಾಜೀವಿ, ಅವಂಗೆ ಇಪ್ಪತ್ನಾಲ್ಕೇ ಆಪುದ್! ಇದ್ ಮೋಸ!" ಎಂದು ಕೂಗಿದೆ.

"ಮೋಸ ಎಂತ ಮಾರ್ರೆ, ಅವ್ರೆಂತ ನಿಮ್ಮ ಪರೀಕ್ಷೆ ಬರಿತ್ರಾ? ಮಾಡ್ಲಿ. ಹೋಯಿ ಉಂಡ್ಕಂಡ್ ಬಪ್ಪ."

"ಉಂಬುಕಾ? ಮದಿ ದಿನ ಸೊನ್ನೆ. ಒಂದ್ ವರ್ಷ ತುಂಬಿದ್ ಮೇಲೆ ಒಂದ್. ಇಷ್ಟ್ ಸಾದಾ ಲೆಕ್ಕ ಅವಂಗೆ ಗೊತ್ತಿಲ್ಯಾ?"

"ಮದಿ ದಿನವೇ ಸೊನ್ನೆ ಅಂದೇಳಿ ನಂಗೂ ಅವತ್ತೇ ಅನ್ಸಿತ್ತ್" ಎಂದು ಅವಳು ದೋಸೆ ಮಗುಚಿದಳು.

ಮಾರನೇ ದಿನ ಶಾಲೆ ಬಿಟ್ಟವನೇ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ. ಸತ್ಯವನ್ನು ಸ್ಥಾಪಿಸಿ ಬರುವುದೇ ನನ್ನ ಉದ್ದೇಶವಾಗಿತ್ತು. ಗೋವರ್ಧನ ಗಲ್ಲೆಯಿಂದ ಎದ್ದು ಬಂದು ಕೈ ಹಿಡಿದು ಕೂರಿಸಿದ. ಬಿಸಿ ಬಿಸಿ ಬನ್ಸು ತರಿಸಿದ. ಶತ್ರುವಿನ ಬನ್ಸು ಎಷ್ಟು ಮೃದುವಾಗಿತ್ತೆಂದರೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಎರಡನೆಯದನ್ನು ತಿನ್ನುತ್ತಾ ವಿಷಯ ತೆಗೆದೆ.

"ಗೋವರ್ಧನ, ನಿಂಗೆ ಇಪ್ಪತ್ನಾಲ್ಕೇ ತುಂಬೂದ್. ಇಪ್ಪತ್ತೈದ್ ಆಪುದ್ ಅದ್ರ್ ಮುಂದಿನ್ ವರ್ಷ."

ಅವನು ನಕ್ಕ. ಅವನ ಬೀದಿಯ ಗಣೇಶೋತ್ಸವ ಸಮಿತಿಗೆ ಅವನೇ ಅಧ್ಯಕ್ಷ. ಅಲ್ಲಿಯ ಲೆಕ್ಕವನ್ನೇ ಮದುವೆಗೂ ತಂದು ಹಾಕಿದ್ದ!

"ಅಲ್ಲ ಅಣ್ಣಯ್ಯ, ನಾವ್ ಸುರುವಿಗೆ ಗಣಪತಿ ಕೂರ್ಸಿದ ವರ್ಷವೇ ಒಂದ್ನೇ ವರ್ಷ. ಮರುವರ್ಷ ಎರಡ್ನೇದ್. ಸೊನ್ನೆನೇ ವರ್ಷದ ಗಣೇಶೋತ್ಸವ ಅಂದೇಳಿ ಯಾರಾರೂ ಬ್ಯಾನರ್ ಹಾಕ್ತ್ರಾ? ನಾನ್ ಜಲಜಿ ಒಟ್ಟಿಗೆ ಹಸೆಮಣಿ ಮೇಲೆ ಕೂಕಂಡದ್ದೇ ಒಂದ್ನೇದ್. ಅಲ್ಲಿಂದ ಎಣ್ಸಿ ಕಾಣಿ, ಈ ಫೆಬ್ರವರಿಗೆ ಇಪ್ಪತ್ತೈದ್ನೇದ್!"

"ಗಣಪತಿ ಕೂರ್ಸೂದೂ ಮದಿ ಆಪುದೂ ಒಂದೇಯಾ ಮಾರಾಯ? ಗಣಪತಿನ್ನ ಮೂರ್ ದಿನಕ್ಕೆ ನೀರಿಗ್ ಬಿಡ್ತ್ರಿ. ಹೆಂಡ್ತಿನ್ನ ಬಿಡ್ತ್ರಾ?"

ಗಲ್ಲೆಯಲ್ಲಿ ಕೂತಿದ್ದ ಜಲಜ ತಲೆ ಎತ್ತಿದಳು. "ಬಿಟ್ಟ್ ಕಾಂಬ್ಲಿ ಭಾವ! ನಾನ್ ಈಜ್ಕಂಡ್ ವಾಪಸ್ ಬತ್ತೆ."

ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನು ಬಿಡಲಿಲ್ಲ. ಗೋಡೆಯಲ್ಲಿ ತೂಗುತ್ತಿದ್ದ ಪಂಚಾಂಗದ ಕ್ಯಾಲೆಂಡರಿನ ಬಳಿ ಅವನನ್ನು ಎಳೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದೆ.

"ಇಲ್ಲ್ ಕಾಣ್, ಗತಶಾಲಿ ಅಂದೇಳಿ ಬರ್ದಿದ್ರ್. ಶಾಲಿವಾಹನ ಶಕೆಯಂಗೆ ಕಳ್ದ್ ಹೋದ ವರ್ಷ ಎಷ್ಟ್ ಅಂದೇಳಿ ಲೆಕ್ಕ. ನಡಿತಿಪ್ಪ ವರ್ಷ ಅದ್ರಂಗೆ ಸೇರುದಿಲ್ಲ. ನಮ್ಮ ಹಿರಿಯರೇ ತುಂಬಿದ್ದನ್ನ ಮಾತ್ರ ಎಣ್ಸಿದ್ದ್!"

"ಗತ ಅಂದ್ರೆ ಸತ್ತವ್ರಲ್ದಾ ಅಣ್ಣಯ್ಯ? ಶುಭಕಾರ್ಯಕ್ಕೆ ಸತ್ತ ವರ್ಷದ ಲೆಕ್ಕ ಎಂತಕ್ಕೆ?"

ಇಂಥವನಿಗೆ ಯಾವ ಪಂಚಾಂಗ ಏನು ಮಾಡೀತು! ಅವನು ಅಷ್ಟಕ್ಕೆ ನಿಲ್ಲಿಸಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ನಿಲ್ಲಿಸಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ ಪ್ರೀತಿಯಿಂದ ಅಂದ: "ಭಟ್ರ್ ಹತ್ರ ಕೇಂಡೆ. ನಿಮ್ಮ ಮದಿಯೂ ವೃಷ ಸಂವತ್ಸರದಂಗೇ, ನಮ್ದೂ ವೃಷ ಸಂವತ್ಸರದಂಗೇ ಅಂಬ್ರ್. ಜನವರಿಗೆ ವರ್ಷ ಬದ್ಲಾಪುದ್ ಇಂಗ್ಲಿಷಿನವ್ರಿಗೆ, ನಮ್ಗೆ ಯುಗಾದಿಗಲ್ದಾ? ಲೆಕ್ಕ ಕಂಡ್ರೆ ನಾವಿಬ್ರೂ ಒಂದೇ ಬ್ಯಾಚ್ ಅಣ್ಣಯ್ಯ!"

ಒಂದೇ ಬ್ಯಾಚ್! ಇಷ್ಟು ವರ್ಷ ಒಂಬತ್ತು ತಿಂಗಳ ಎತ್ತರದಲ್ಲಿ ಕೂತಿದ್ದ ನನ್ನನ್ನು ಒಂದೇ ಮಾತಿನಲ್ಲಿ ತನ್ನ ಬೆಂಚಿಗೆ ಇಳಿಸಿಬಿಟ್ಟ. ಅವನು ಅಕ್ಕರೆಯಿಂದ ಹೇಳಿದ್ದು ಎಂಬುದೇ ಇನ್ನೂ ದೊಡ್ಡ ಸಂಕಟ. ಮನೆಗೆ ಎಂದು ಕಟ್ಟಿಕೊಟ್ಟ ಬನ್ಸಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕೋಟ ದಾಟುವಷ್ಟರಲ್ಲಿ ಇನ್ನೂ ಭಯಂಕರವಾದ ವಿಷಯ ಹೊಳೆಯಿತು. ಗೋವರ್ಧನನ ಗಣಪತಿ ಲೆಕ್ಕವನ್ನೇ ಒಪ್ಪಿದರೆ ನನ್ನ ಇಪ್ಪತ್ತೈದನೆಯದು ಕಳೆದ ಮೇ ತಿಂಗಳಲ್ಲೇ ಮುಗಿದುಹೋಗಿದೆ! ಮನೆ ಮುಟ್ಟಿದವನೇ ರಾಜೀವಿಯನ್ನು ಕೇಳಿದೆ.

"ಕಳ್ದ್ ಮೇ ತಿಂಗ್ಳ್, ನಮ್ಮ ಮದಿ ಆದ ದಿನ, ನಾವ್ ಎಂತ ಮಾಡ್ದದ್ದ್?"

ಅವಳು ಸ್ವಲ್ಪ ಯೋಚಿಸಿದಳು. "ನೀರಿನ್ ಟ್ಯಾಂಕಿ ತೊಳ್ದದ್ದ್. ನೀವ್ ಒಳಗ್ ಇಳ್ದ್ ಜಾರಿ ಬಿದ್ದ್ರಿ."

ನನ್ನ ರಜತ ಮಹೋತ್ಸವ ಟ್ಯಾಂಕಿಯ ಪಾಚಿಯಲ್ಲಿ ಆಗಿಹೋಗಿತ್ತು! ಒಂದು ಲೆಕ್ಕದಲ್ಲಿ ನಮ್ಮದು ಹಳಸಿದೆ, ಇನ್ನೊಂದು ಲೆಕ್ಕದಲ್ಲಿ ಇನ್ನೂ ಬೆಂದಿಲ್ಲ. ಫೆಬ್ರವರಿಗೆ ಸರಿಯಾಗಿ ಹದಕ್ಕೆ ಬಂದಿರುವುದು ಗೋವರ್ಧನನದು ಮಾತ್ರ. ಅವನ ಅದೃಷ್ಟಕ್ಕೆ ಕ್ಯಾಲೆಂಡರ್ ಕೂಡ ಮಣಿಯುತ್ತದಲ್ಲ ಎಂದು ಹೊಟ್ಟೆಗೆ ಬೆಂಕಿಯೇ ಬಿತ್ತು. ರಾಜೀವಿ ಬಿಸಿ ಮಾಡಿಕೊಟ್ಟ ಬನ್ಸನ್ನು ಮುಟ್ಟಬಾರದು ಎಂದುಕೊಂಡೆ. ಆದರೂ ತಿಂದೆ.

ಮೂರು ದಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾ ಮನಸ್ಸಿನಲ್ಲಿ ನನ್ನದೇ ಲೆಕ್ಕ ಹಾಕಿದೆ. ನಾಲ್ಕನೆಯ ದಿನ ಬೋರ್ಡಿನ ಮೇಲೆ ಸರಳರೇಖೆ ಎಳೆಯುತ್ತಿದ್ದಾಗ ಜ್ಞಾನೋದಯವಾಯಿತು. ರೇಖೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಹೇಳಿದವರು ಯಾರು? ಎಣಿಕೆಯನ್ನು ಮದುವೆಯಿಂದಲೇ ಯಾಕೆ ಶುರುಮಾಡಬೇಕು? ನನ್ನ ನಿಶ್ಚಿತಾರ್ಥ ಆದದ್ದು ಅದೇ ಎರಡು ಸಾವಿರದ ಒಂದರ ಜನವರಿಯಲ್ಲಿ, ಮಕರ ಸಂಕ್ರಮಣ ಕಳೆದ ಮೇಲೆ. ಬರುವ ಜನವರಿಗೆ ಇಪ್ಪತ್ತೈದು ವರ್ಷ ಸಂಪೂರ್ಣ ತುಂಬುತ್ತದೆ! ಯಾವ ಗಣಪತಿಯ ಹಂಗೂ ಇಲ್ಲದ, ಅಪ್ಪಟ ಇಪ್ಪತ್ತೈದು! ಗೋವರ್ಧನನಿಗಿಂತ ಮೂರು ವಾರ ಮೊದಲು! ಬೋರ್ಡಿನ ಮುಂದೆಯೇ "ಗೆದ್ದೆ!" ಎಂದು ಕಿರುಚಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ರಾಜೀವಿ ತಟ್ಟಲಿಲ್ಲ.

"ನಿಶ್ಚಿತಾರ್ಥದ ಬೆಳ್ಳಿಹಬ್ಬವಾ? ಯಾರಾರೂ ಕೇಂಡ್ರೆ ಎಂತ ಹೇಳೂದ್ ಮಾರ್ರೆ? ಇನ್ನ್ ನಾಳೆ ಹೆಣ್ಣ್ ಕಾಂಬುಕೆ ಬಂದದ್ದಕ್ಕೂ ಒಂದ್ ಹಬ್ಬ ಮಾಡ್ತ್ರ್ಯಾ? ಅವತ್ತ್ ನೀವ್ ನನ್ನ ಮುಖ ಎಲ್ಲ್ ಕಂಡ್ರಿ, ಅವಲಕ್ಕಿ ಬಟ್ಲೇ ಕಾಂತಿದ್ರಿ!"

"ತಮಾಸೆ ಬ್ಯಾಡ. ಸಂಬಂಧ ಗಟ್ಟಿ ಆಪುದ್ ಮಾತ್ ಕೊಟ್ಟ ದಿನ. ಧಾರೆ, ಊಟ, ಓಲಗ ಎಲ್ಲ ಆ ಮೇಲಿನ ಶಾಸ್ತ್ರ."

"ನಿಮ್ಮ ಹೊಟ್ಟಿಕಿಚ್ಚಿಗೆ ಮಾತ್ ಕೊಟ್ಟ ದಿನ ಅಂದೇಳಿ ಹೆಸ್ರಾ ಈಗ?" ಎಂದಳು. ಕ್ಯಾಲೆಂಡರಿನತ್ತ ಒಮ್ಮೆ ನೋಡಿ, "ಸೀರಿ ತೆಗುಕೆ ಉಡುಪಿಗೇ ಹೋಯ್ಕ್, ಇಲ್ಲ್ ಬ್ಯಾಡ" ಎಂದಳು. ಹೀಗೆ ಮನೆಯ ಒಪ್ಪಿಗೆ ಸಿಕ್ಕಿತು.

ನಾನಂದುಕೊಂಡದ್ದು ಮನೆಮಂದಿಯ ಮಟ್ಟಿಗೆ ಸಣ್ಣ ಕಾರ್ಯಕ್ರಮ. ಆದರೆ ನಾಲ್ಕು ಜನಕ್ಕೆ ಗೊತ್ತಾಗದ ಗೆಲುವು ಗೆಲುವೇ? ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಬ್ಯಾನರ್ ಇರಲಿ, ಕುಂದಾಪುರಕ್ಕೆ ಓಡಾಡುವವರು ಗೋವರ್ಧನನಿಗೆ ಹೇಗೂ ಮುಟ್ಟಿಸುತ್ತಾರೆ ಎಂದು ಯೋಚಿಸಿದೆ. ಡಿಗ್ರಿ ಓದುತ್ತಿರುವ ಮಗಳು ಅಕ್ಷಿತಾ ನಮ್ಮ ಮೂವರ ಒಂದು ಫೋಟೋವನ್ನು ಫ್ಲೆಕ್ಸ್ ಅಂಗಡಿಗೆ ಕಳಿಸಿದಳು. "ನಿಶ್ಚಿತಾರ್ಥದ ಇಪ್ಪತ್ತೈದನೇ ವರ್ಷ" ಎಂದು ಬರೆಯಲು ನಾನೇ ಫೋನಿನಲ್ಲಿ ಹೇಳಿದೆ. ಅಂಗಡಿಯವನು ತನ್ನ ಬುದ್ಧಿ ಓಡಿಸಿದ. ಐವತ್ತು ದಾಟಿದ ಬೋಳುತಲೆಯವನಿಗೆ ನಿಶ್ಚಿತಾರ್ಥ ಇರಲಿಕ್ಕುಂಟೇ? ಅಕ್ಷಿತಾಳನ್ನು ನಡುವೆ ಆಳೆತ್ತರಕ್ಕೆ ನಿಲ್ಲಿಸಿ, ಸುತ್ತ ಗುಲಾಬಿ ಹೂ ಉದುರಿಸಿ, ದೊಡ್ಡ ಅಕ್ಷರದಲ್ಲಿ "ನಿಶ್ಚಿತಾರ್ಥ 25" ಎಂದು ಹಾಕಿದ. ನಾನೂ ರಾಜೀವಿಯೂ ಕೆಳಗಿನ ಮೂಲೆಯಲ್ಲಿ, "ಶುಭ ಕೋರುವವರು" ಎಂಬಲ್ಲಿ, ಅಂಚೆಚೀಟಿಯಷ್ಟಾಗಿ ಕೈಮುಗಿದಿದ್ದೆವು!

ನಾನು ನೋಡುವ ಮೊದಲೇ ಅದನ್ನು ಊರೇ ನೋಡಿ ಆಗಿತ್ತು. ಮೊದಲು ಬಂದದ್ದು ನಮ್ಮ ಹೆಡ್ಮಾಷ್ಟ್ರ ಫೋನು.

"ಹ್ವಾಯ್ ಮಾಷ್ಟ್ರೆ, ಮಗ್ಳಿಗೆ ಮದಿ ಗೊತ್ತಾಯ್ತಂಬ್ರಲೆ! ಗಂಡ್ ಎಲ್ಲಿಯವ?"

"ಮಗ್ಳಿಗಲ್ಲ ಸಾರ್, ನಿಶ್ಚಿತಾರ್ಥ ನಂದ್."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ ತಗ್ಗಿದ ದನಿಯಲ್ಲಿ, "ಮನೆಯಂಗ್ ಗೊತ್ತಿತ್ತಾ?" ಎಂದು ಕೇಳಿದರು.

ಸಂಜೆ ಅಕ್ಷಿತಾ ಕಾಲೇಜಿನಿಂದ ಬಂದವಳು ಚೀಲ ಬಿಸುಟಳು. "ಅ‍ಪ್ಪ, ಹುಡ್ಗನ ಹೆಸ್ರ್ ಇಪ್ಪತ್ತೈದಾ ಅಂದೇಳಿ ಕ್ಲಾಸ್ನವ್ರೆಲ್ಲ ಕೇಂತಿದ್ರ್! ನಾನ್ ಇನ್ನ್ ಕಾಲೇಜಿಗ್ ಹೋತಿಲ್ಲೆ!" ಕೊಕ್ಕರ್ಣೆಯ ನಮ್ಮ ದೊಡ್ಡಪ್ಪನ ಮನೆಯವರು ಇಪ್ಪತ್ತೈದು ಎಂದರೆ ತಾರೀಕು ಎಂದುಕೊಂಡು ಅವತ್ತಿಗೆ ಜೀಪು ಗೊತ್ತುಮಾಡಿದ್ದರು. ಅವರಿಗೆ ತಾರೀಕು ಹದಿನೆಂಟು, ವರ್ಷ ಇಪ್ಪತ್ತೈದು, ಹುಡುಗ ನಾನು ಎಂದು ಬಿಡಿಸಿ ಹೇಳುವಷ್ಟರಲ್ಲಿ ನನಗೇ ಗೊಂದಲವಾಯಿತು. ಮಗಳ ನಿಶ್ಚಿತಾರ್ಥಕ್ಕೆ ಕರೆಯಲಿಲ್ಲ ಎಂದು ಮುನಿಸಿಕೊಂಡವರನ್ನೆಲ್ಲ ಸಮಾಧಾನ ಮಾಡಲು "ಹಾಗೇನಿಲ್ಲ, ನೀವೂ ಬನ್ನಿ" ಎನ್ನುತ್ತಾ ಹೋದೆ. ಬರುವವರು ಮನೆಮಂದಿ ಹೋಗಿ ಊರಮಂದಿ ಆದರು.

ಹದಿನೆಂಟರ ಭಾನುವಾರ ನಮ್ಮ ಅಂಗಳದ ಶಾಮಿಯಾನದಡಿ ಕೂರಲು ಜಾಗವಿಲ್ಲ. ಗಂಡು ಯಾರೆಂದು ನೋಡಲು ಬಂದವರೇ ಅರ್ಧ! ಅತ್ತೆಯನ್ನು ಕಿರಿಮಂಜೇಶ್ವರದಿಂದ ಕರೆತರಲು ನಾನು ಕಾರು ಗೊತ್ತುಮಾಡುವಷ್ಟರಲ್ಲಿ ಗೋವರ್ಧನ ತನ್ನ ಕಾರಿನಲ್ಲೇ ಕರೆತಂದಿದ್ದ. ಅತ್ತೆಗೆ ಎಂಬತ್ತರ ಹತ್ತಿರ, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಗೋವರ್ಧನ ನನ್ನ ಕೊರಳಿಗೆ ಹಾರ ಹಾಕಿ, "ಭಾರೀ ಐಡಿಯಾ ಅಣ್ಣಯ್ಯ! ನಂಗೆ ಇದ್ ಹೊಳಿಲೇ ಇಲ್ಲೆ ಕಾಣಿ!" ಎಂದು ಮನಸಾರೆ ಹೊಗಳಿದ. ಅವನ ಮುಖದಲ್ಲಿ ಒಂದಿಷ್ಟಾದರೂ ಹೊಟ್ಟೆಕಿಚ್ಚು ಕಾಣಿಸುತ್ತದೆಯೇ ಎಂದು ಹುಡುಕಿದೆ. ಇರಲಿಲ್ಲ. ನನ್ನ ಖರ್ಚೆಲ್ಲ ದಂಡ!

ಅಷ್ಟರಲ್ಲಿ ರಾಜೀವಿ ಹಿತ್ತಿಲಿನಿಂದ ಸನ್ನೆ ಮಾಡಿದಳು. "ಕೋಳಿ ಸುಕ್ಕ ಅರ್ಧ ಜನಕ್ಕೂ ಸಾಕಾತಿಲ್ಲೆ. ಎಂತ ಮಾಡ್ತ್ರಿ?" ನಾನು ಬೆವರುತ್ತಾ ನಿಂತೆ. ಹೇಳದೆಯೇ ವಿಷಯ ತಿಳಿದ ಗೋವರ್ಧನ ಮೂಲೆಗೆ ಹೋಗಿ ಒಂದು ಫೋನು ಮಾಡಿದ. ಗಂಟೆಯೊಳಗೆ ಅವನ ಹೋಟೆಲಿನ ವ್ಯಾನು ಬಂತು. ಸುಕ್ಕ, ನೀರುದೋಸೆ, ಪಾಯಸ ಎಲ್ಲ ಇಳಿದವು. ವ್ಯಾನಿನ ಮೇಲೆ ಹೋಟೆಲಿನ ಹೆಸರು ಎಷ್ಟು ದೊಡ್ಡದಾಗಿ ಬರೆದಿತ್ತೆಂದರೆ, ನನ್ನ ಹಬ್ಬಕ್ಕೆ ಬಂದವರೆಲ್ಲ ಉಂಡು ಅವನನ್ನು ಹರಸಿದರು. ಕೃತಜ್ಞತೆಯೂ ಅಸೂಯೆಯೂ ಒಟ್ಟಿಗೇ ಹೊಟ್ಟೆಯಲ್ಲಿ ಸೇರಿದರೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಗೊತ್ತಾದದ್ದು ಅವತ್ತು.

ಇನ್ನು ಉಳಿದಿದ್ದ ಅಸ್ತ್ರ ಒಂದೇ, ಮೈಕು. ಊಟ ಮುಗಿದು ಎಲ್ಲರೂ ಎಲೆಯಡಿಕೆ ಹಾಕುತ್ತಿದ್ದಾಗ ಎದ್ದು ನಿಂತೆ.

"ಬಂಧುಗಳೇ! ವರ್ಷಗಳನ್ನು ಎಣಿಸುವುದರಲ್ಲಿ ಜನ ಎಡವುತ್ತಾರೆ. ಕೆಲವರು ನಡೆಯುತ್ತಿರುವುದನ್ನು ಎಣಿಸುತ್ತಾರೆ, ಕೆಲವರು ತುಂಬಿದ್ದನ್ನು. ಕೆಲವರು ಗಣಪತಿ ಲೆಕ್ಕ, ಕೆಲವರು ಸಂವತ್ಸರದ ಲೆಕ್ಕ!" ಎಂದು ಗೋವರ್ಧನನ ಕಡೆ ಒಂದು ನೋಟ ಬೀರಿದೆ. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. "ಆದರೆ ಮನೆತನದಲ್ಲಿ ಲೆಕ್ಕ ಒಂದೇ. ಮಾತು ಕೊಟ್ಟ ದಿನವೇ ಮೊದಲ ದಿನ! ದಿವಂಗತರಾದ ನನ್ನ ಮಾವನವರು ನನ್ನ ಲೆಕ್ಕದ ಕೀರ್ತಿಯನ್ನು ಕೇಳಿ, ಹುಡುಕಿಕೊಂಡು ಬಂದು ಮಾತು ಕೊಟ್ಟರು. ಆ ಲೆಕ್ಕದಲ್ಲಿ ನೋಡಿದರೆ, ಈ ಮನೆಗೆ ಹಿರಿಯಳಿಯ ಯಾರು ಎಂಬುದರಲ್ಲಿ ಇನ್ನು ಸಂಶಯ ಬೇಡ!"

ಜನ ಕೈತಟ್ಟಿದರು. ನನ್ನ ಎದೆ ಗೋವರ್ಧನನದಕ್ಕಿಂತ ಎರಡು ಬೆರಳು ಅಗಲವಾಯಿತು. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದಲೇ ಕೈ ಚಾಚಿದರು. ಆಶೀರ್ವಾದ ಮಾಡುತ್ತಾರೆಂದು ಮೈಕನ್ನು ಅವರ ಬಾಯಿಗೆ ನಾನೇ ಹಿಡಿದೆ. ಅದನ್ನು ಗಟ್ಟಿಯಾಗಿ ಹಿಡಿದದ್ದೂ ನಾನೇ!

"ಮಾಷ್ಟ್ರ್ ಹೇಳಿದ್ದ್ ಸಮ. ಮಾತ್ ಕೊಟ್ಟ ದಿನವೇ ದೊಡ್ಡದ್. ಹಾಂಗ್ ಕಂಡ್ರೆ ನನ್ನ ದೊಡ್ಡ ಅಳಿಯ ಗೋವರ್ಧನ."

"ಅತ್ತೆ, ನಿಮ್ಗೆ ಮರ್ತ್ ಹೋಯಿತ್ತ್" ಎಂದೆ ಮೆಲ್ಲಗೆ. ಮೈಕಿನಲ್ಲಿ ಅದು ಮೆಲ್ಲಗೆ ಕೇಳಿಸಲಿಲ್ಲ.

"ಎಂತದೂ ಮರಿಲಿಲ್ಲೆ. ನಿಮ್ಮ ನಿಶ್ಚಯದ್ ಹಿಂದಿನ ದೀಪಾವಳಿಗೇ ಅವ ಬಂದ್ ಜಲಜಿನ್ನ ಕೊಡ್ಕ್ ಅಂದೇಳಿ ಕೇಂಡದ್ದ್. ನಿಮ್ಮ ಮಾವ ಮಾತ್ ಕೊಟ್ಟೂ ಆಯ್ತ್. ಆರೆ, ದೊಡ್ಡ ಹೆಣ್ಣ್ ಮನೆಯಂಗ್ ಇಪ್ಪಾಗ ಸಣ್ಣದ್ರ ಮದಿ ಮಾಡೂದ್ ಹ್ಯಾಂಗೆ? ದೊಡ್ಡದಕ್ಕೆ ಒಂದ್ ಗಂಡ್ ಆಯ್ಲಿ ಅಂದ್ರ್. ಈ ಪುಣ್ಯಾತ್ಮ ಮುಂಬೈಗೆ ಹೋಪುದ್ ಬಿಟ್ಟ್ ಊರೂರ್ ತಿರ್ಗಿ ಗಂಡ್ ಹುಡ್ಕಿದ. ಹಾಂಗ್ ಸಿಕ್ಕಿದವ್ರ್ ನೀವ್! ರಾಜೀವಿಗೆ ಬೇಜಾರ್ ಆಪುದ್ ಬ್ಯಾಡ ಅಂದೇಳಿ ಇಷ್ಟ್ ದಿನ ಯಾರೂ ಬಾಯಿ ಬಿಡ್ಲಿಲ್ಲೆ. ನೀವೇ ಇವತ್ತ್ ಲೆಕ್ಕ ತೆಗ್ದ್ರಿ."

ಶಾಮಿಯಾನದಡಿ ಎಲೆಯಡಿಕೆ ಹಾಕುತ್ತಿದ್ದವರೆಲ್ಲ ನನ್ನ ಕಡೆಗೇ ತಿರುಗಿದರು. ನನ್ನ ಲೆಕ್ಕದ ಕೀರ್ತಿ ಕೇಳಿ ಬಂದ ಸಂಬಂಧ! ಮಾವನವರು ಹುಡುಕಿಕೊಂಡು ಬಂದ ಸಂಬಂಧ! ನಾನು ಮೊದಲು ಬಂದವನಲ್ಲ, ಮೊದಲು ಬಂದವನಿಗೆ ದಾರಿ ಬಿಡಿಸಲು ತಂದವನು. ಇಷ್ಟು ವರ್ಷ ಅವನ ಮುಂದೆ ಗತ್ತಿನಿಂದ ಕೈ ತೊಳೆದದ್ದೆಲ್ಲ ನೆನಪಾಗಿ, ಅಲ್ಲೇ ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕೆನಿಸಿತು.

ಗೋವರ್ಧನನಿಗೆ ನನ್ನ ಮುಖ ನೋಡಲಾಗಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದುಕೊಂಡ.

"ಅಣ್ಣಯ್ಯ, ಬೇಜಾರ್ ಮಾಡ್ಬೇಡಿ. ನಾನ್ ಸಿಕ್ಕಿದವ್ರನ್ನ ತಂದದ್ದಲ್ಲ, ದೇವ್ರಾಣೆ! ಮೂರ್ ಗಂಡ್ ಕಂಡಿದ್ದೆ. ಬೈಂದೂರಿನ ಒಬ್ಬ ಡಾಕ್ಟರ್, ಸಿದ್ದಾಪುರದ ಒಬ್ಬ ಬ್ಯಾಂಕಿನವ್ರ್, ಮತ್ತೆ ನೀವ್. ಮೂವರಂಗೆ ನೀವೇ ಆಯ್ಕ್ ಅಂದೇಳಿ ನಾನೇ ಹಟ ಹಿಡ್ದದ್ದ್."

ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಿತು! ಡಾಕ್ಟರನ್ನೂ ಬ್ಯಾಂಕಿನವನನ್ನೂ ಬಿಟ್ಟು ನನ್ನನ್ನು ಆರಿಸಿದ್ದಾನೆ! ಅವನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಒಂದೇ ಗಳಿಗೆಯಲ್ಲಿ ಕರಗಿತು. ತಮ್ಮಾ ಎಂದು ಅಪ್ಪಿಕೊಳ್ಳೋಣವೆನಿಸಿತು. ನಾಲ್ಕು ಜನ ಕೇಳಲಿ ಎಂದು ಮೈಕನ್ನು ಅವನ ಬಾಯಿಗೇ ಹಿಡಿದು ಕೇಳಿದೆ: "ಹೇಳ್ ಮಾರಾಯ, ಅವ್ರಿಬ್ರನ್ನ ಬಿಟ್ಟ್ ನನ್ನನ್ನೇ ಎಂತಕ್ಕೆ ಒಪ್ಪಿದ್ದ್?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಒಳ್ಳೆಯ ಮನುಷ್ಯ ಅವನು.

"ಅವ್ರಿಬ್ರೂ ಮದಿ ಒಂದ್ ವರ್ಷ ಬಿಟ್ಟ್ ಇಟ್ಕಂಬ ಅಂದ್ರ್ ಅಣ್ಣಯ್ಯ. ನಿಮ್ಗೆ ಶಾಲೆಗೆ ಬೇಸಿಗೆ ರಜೆ. ಮೇ ತಿಂಗ್ಳಿಗೇ ಆತ್ತ್ ಅಂದ್ರಿ. ನಂಗೆ ಅರ್ಜೆಂಟ್ ಇತ್ತಲೆ!"

ನಗುವಿನ ಅಲೆಗೆ ಶಾಮಿಯಾನ ಹಾರಿಹೋಗದಿದ್ದುದೇ ಪುಣ್ಯ. ಹೆಡ್ಮಾಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ರಾಜೀವಿ, ಉಡುಪಿಯ ಹೊಸ ಸೀರೆಯ ಸೆರಗನ್ನು ಸರಿಮಾಡಿಕೊಂಡು, ನಿಧಾನವಾಗಿ ಎದ್ದು ಬಂದಳು. ನನ್ನ ಕೈಯಿಂದ ಮೈಕನ್ನು ತೆಗೆದುಕೊಂಡಳು. ಏನೇ ಆಗಲಿ ಕೈಹಿಡಿದವಳು, ನನ್ನ ಮರ್ಯಾದೆ ಉಳಿಸುವಂಥ ಒಂದು ಮಾತು ಆಡುತ್ತಾಳೆ ಎಂದು ನಾನು ಆಸೆಗಣ್ಣಿನಿಂದ ನೋಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಹ್ವಾಯ್ ಭಾವ," ಎಂದಳು ಗೋವರ್ಧನನಿಗೆ, "ಡಾಕ್ಟರ್ ಅಂಬ್ರ್! ಒಂದೇ ಒಂದ್ ವರ್ಷ ತಡೂಕ್ ಆತಿರ್ಲಿಲ್ಯಾ ನಿಮ್ಗೆ?"